ಮರಳಿನ ಮೇಲೆ ಎಳೆದ ಗೆರೆ

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ನಾನು ಸಮುದ್ರದ ಅಲೆಗಳ ಮೇಲೆ ಸಂಶೋಧನೆ ಮಾಡುತ್ತೇನೆ ಅಂದರೆ ಜನ ನಗುತ್ತಾರೆ. ‘ಇಲ್ಲಿ ಕುಡಿಯೋಕೇ ನೀರಿಲ್ಲ, ಮೇಡಂಗೆ ಸಮುದ್ರ ಬೇಕಂತೆ’ ಎಂದು ಸ್ಟಾಫ್ ರೂಮಿನಲ್ಲಿ ಕಾಲೆಳೆಯುತ್ತಾರೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಅಲೆಯೊಡನೆ ಏರಿಳಿಯುವ ಯಂತ್ರವೊಂದು ಎಷ್ಟು ಕರೆಂಟು ಕೊಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಸಮುದ್ರದ ಪಕ್ಕ ಹುಟ್ಟಬೇಕಿಲ್ಲ ಎಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದೆ.

ಅದೇ ಜಂಬದಲ್ಲಿ ಕಳೆದ ಚಳಿಗಾಲ ವಿದ್ಯಾರ್ಥಿನಿಯರನ್ನು ಕರಾವಳಿಗೆ ಕರೆದುಕೊಂಡು ಹೊರಟೆ. ಚಿಂತಾಮಣಿಯ ಹುಡುಗಿಯೊಬ್ಬಳನ್ನು ಕಳಿಸಲು ಅವಳ ತಾಯಿ ಒಪ್ಪಲಿಲ್ಲ. ನಾನೇ ಮನೆಗೆ ಹೋಗಿ ಒಪ್ಪಿಸಿದೆ. ‘ಅಲೆಗಳ ಲೆಕ್ಕ ಎಲ್ಲ ನಿಮ್ಗೆ ಗೊತ್ತಂತಲ್ಲಮ್ಮ. ನಿಮ್ಮನ್ನ ನಂಬ್ಕೊಂಡು ಕಳಿಸ್ತೀನಿ’ ಎಂದರು ಆಕೆ.

ದಡದಲ್ಲಿ ಸ್ವಲ್ಪ ಹೊತ್ತು ಅಲೆಗಳನ್ನು ನೋಡಿದೆ. ಕಾಲಿನಿಂದ ಮರಳ ಮೇಲೆ ಗೆರೆ ಎಳೆದು, ‘ಇದನ್ನ ದಾಟಿ ನೀರು ಬರಲ್ಲ, ಇಲ್ಲೇ ನಿಂತ್ಕೊಳ್ರಮ್ಮ’ ಎಂದೆ. ನನ್ನ ಸಮೀಕರಣಗಳೆಲ್ಲ ನಡೆಯುವುದು ಅಲೆಗಳ ಸರಾಸರಿ ಎತ್ತರದ ಮೇಲೆ. ಕರೆಂಟಿನ ಅಂದಾಜಿಗೆ ಅದು ಸಾಕು. ಮಕ್ಕಳನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಸಾಲದು. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ.

ನನ್ನ ಸರಾಸರಿಗೆ ಸೊಪ್ಪು ಹಾಕದ ದೊಡ್ಡ ಅಲೆಯೊಂದು ಬಂತು. ಗೆರೆ ಅಳಿಸಿ, ಆ ಚಿಂತಾಮಣಿಯ ಹುಡುಗಿಯನ್ನು ಬೀಳಿಸಿ ಎಳೆದುಕೊಂಡಿತು. ನಾನು ಓಡಿದೆ. ಅವಳ ಕಡೆಗಲ್ಲ, ಮೇಲಕ್ಕೆ, ಒಣ ಮರಳಿನ ಕಡೆಗೆ. ತಿರುಗಿ ನೋಡುವಷ್ಟರಲ್ಲಿ ಗೆಳತಿಯರು ತೋಳು, ಜಡೆ, ಸಿಕ್ಕಿದ್ದನ್ನು ಹಿಡಿದು ಅವಳನ್ನು ದಡಕ್ಕೆ ತಂದಿದ್ದರು.

ಊರಿಗೆ ಮರಳಿದ ಮೇಲೆ ತಾಯಿ ಕಾಲೇಜಿಗೇ ಬಂದರು. ಬೈಸಿಕೊಳ್ಳಲು ತಯಾರಾಗಿ ನಿಂತೆ. ಆಕೆ ಒಂದು ಚೀಲ ಅವರೆಕಾಯಿ ನನ್ನ ಕೈಗಿಟ್ಟು, ‘ನೀವೇ ಕೈ ಹಿಡಿದು ಎಳ್ಕೊಂಡ್ರಂತೆ. ಇಲ್ದಿದ್ರೆ ನನ್ ಮಗಳು ನನಗೆ ಸಿಗ್ತಿರಲಿಲ್ಲ’ ಎಂದು ಕಣ್ಣೊರೆಸಿಕೊಂಡರು. ಸಹೋದ್ಯೋಗಿಗಳೆಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನು ಅಲ್ಲ ಅನ್ನಲಿಲ್ಲ, ಚೀಲವನ್ನು ಇಟ್ಟುಕೊಂಡೆ.

ಆಕೆ ಹೋದ ಮೇಲೆ ಹುಡುಗಿಯನ್ನು ಕೇಳಿದೆ, ‘ಯಾಕೆ ಹಾಗ್ ಹೇಳ್ದೆ?’

‘ನಿಜ ಹೇಳಿದ್ರೆ ಅಮ್ಮ ಇನ್ನೆಲ್ಲೂ ಕಳಿಸಲ್ಲ ಮಿಸ್. ನೀವೂ ತುಂಬಾ ಹೆದರ್ಕೊಂಡಿದ್ರಿ, ಪಾಪ.’

ನನಗೆ ಪಾಪ ಅಂದಳು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಈ ವರ್ಷ ಆ ತಾಯಿ ಎರಡನೇ ಮಗಳನ್ನೂ ನಮ್ಮ ಕಾಲೇಜಿಗೇ ಸೇರಿಸಿದರು. ಅವಳ ಕೈಯನ್ನು ನನ್ನ ಕೈಯಲ್ಲಿಟ್ಟು, ‘ನೀವಿದೀರಲ್ಲಮ್ಮ’ ಎಂದರು.