ಬಾಡದ ಮಹಾಲಕ್ಷ್ಮೀ ಮೇಲ್ ನೋಡುವ ಹೊತ್ತು

ಬೆಳಗಿನ ಐದೂವರೆ. ಕುಮಟಾ ಹತ್ತಿರದ ಬಾಡದಲ್ಲಿ ಮೀನುಗಾರರ ಸಂಘದ ಬಾಗಿಲು ತೆಗೆದು, ಮಹಾಲಕ್ಷ್ಮೀ ಹರಿಕಂತ್ರ ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ಮಡಚಿಡುತ್ತಾರೆ. ಅಷ್ಟರಲ್ಲೇ ದಡದಿಂದ ಜಗದೀಶನ ಫೋನು. ದೋಣಿಗೆ ಬಲೆ ಹೇರಿ ನಿಂತಿದ್ದಾನೆ.

“ಅಕ್ಕ, ನೋಡಿದ್ರಾ?”

“ಚಾ ಕುಡಿ ಮಾರಾಯ. ಕಂಪ್ಯೂಟರ್ ಇನ್ನೂ ಎದ್ದಿಲ್ಲ.”

ನಲವತ್ತೆರಡರ ಮಹಾಲಕ್ಷ್ಮೀ ಸಂಘಕ್ಕೆ ಒಬ್ಬರೇ ಗುಮಾಸ್ತೆ. ಕುಮಟಾದಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತವರು. ಉಳಿದದ್ದನ್ನು ಕೆಡಿಸಿ ಕೆಡಿಸಿಯೇ ಕಲಿತರು. ದಿನಕ್ಕೆ ನೂರಿಪ್ಪತ್ತು ಮೇಲ್ ಬರುತ್ತವೆ, ಬೇಕಾದದ್ದು ಹತ್ತೋ ಹನ್ನೆರಡೋ. ಬಂದ ಕೂಡಲೇ ಅವನ್ನು ವಿಂಗಡಿಸುವ ಫಿಲ್ಟರ್ ಅವರೇ ಮಾಡಿದ್ದು. ಹವಾಮಾನ ಇಲಾಖೆಯಿಂದ ಗಾಳಿಯ ಎಚ್ಚರಿಕೆ ಬಂದರೆ ಮೂವತ್ತೆಂಟು ದೋಣಿಯವರ ಫೋನಿಗೂ ತಾನಾಗಿ ಸಂದೇಶ ಹೋಗುವಂತೆ ಹನ್ನೆರಡು ಸಾಲಿನ ಸ್ಕ್ರಿಪ್ಟನ್ನೂ ಬರೆದರು.

“ನಮ್ಮವ್ವ ಬಂಗಾರಿ ಮೀನಿನ ಬುಟ್ಟಿಲಿ ಬಂಗಡೆ ಬೇರೆ, ಶೆಟ್ಲಿ ಬೇರೆ ಮಾಡ್ತಿದ್ಲು. ನಾ ಮೇಲ್ ಬೇರೆ ಮಾಡುದು. ಅದ್ರಲ್ಲೆಂತ ದೊಡ್ಡದು?” ಎನ್ನುತ್ತಾರೆ.

ಹೊನ್ನಾವರ, ಭಟ್ಕಳದ ಕಡೆಯ ಐದು ಸಂಘಗಳಿಗೂ ಆ ಫಿಲ್ಟರನ್ನೂ ಸ್ಕ್ರಿಪ್ಟನ್ನೂ ಹಂಚಿದರು. ಬಸ್ಸಿನಲ್ಲಿ ಹೋಗಿ, ಅಲ್ಲಿಯವರ ಪಕ್ಕ ಕೂತು ಕಲಿಸಿ, ಮಾಡುವ ಕ್ರಮವನ್ನು ಚೀಟಿಯಲ್ಲಿ ಬರೆದು ಅಂಟಿಸಿ ಬಂದರು.

ಹೋದ ವರ್ಷ ಎಚ್ಚರಿಕೆ ಕಳಿಸುವವರ ಮೇಲ್ ವಿಳಾಸ ಬದಲಾಯಿತು. ಹಳೆಯ ವಿಳಾಸವನ್ನೇ ಕಾಯುತ್ತಿದ್ದ ಫಿಲ್ಟರ್ ಹೊಸ ವಿಳಾಸದಿಂದ ಬಂದ ಎಚ್ಚರಿಕೆಯನ್ನು ಜಾಹೀರಾತಿನ ರಾಶಿಗೆ ತಳ್ಳಿತು. ಹಂಚಿದ್ದು ಒಂದೇ ಫಿಲ್ಟರ್; ತಪ್ಪೂ ಆರು ಕಡೆಗೆ ಹಂಚಿಹೋಗಿತ್ತು. ಒಂದು ಫೋನೂ ಸದ್ದು ಮಾಡಲಿಲ್ಲ. ಗಾಳಿಗೆ ಸಿಕ್ಕ ಜಗದೀಶ ಬಲೆ ಕಡಿದು ಸಮುದ್ರಕ್ಕೇ ಬಿಟ್ಟು, ಜೀವ ಉಳಿಸಿಕೊಂಡು ಬಂದ.

ಆ ಸಂಜೆ ಮಹಾಲಕ್ಷ್ಮೀ ಅವನ ಮನೆಗೆ ಹೋಗಿ, “ತಪ್ಪು ನಂದು” ಎಂದರು. ಅವನ ಹೆಂಡತಿ ವೀಣಾ, “ಮಷಿನಿಗೆ ನಮ್ಮನೆಯವ್ರ ಗುರ್ತ ಇಲ್ಲ. ನಿಮಗಿತ್ತಲ್ಲ” ಎಂದಳು.

ಮರುದಿನದಿಂದ ಮತ್ತೆ ಬಸ್ಸು ಹತ್ತಿ ಐದೂ ಕಡೆ ಫಿಲ್ಟರ್ ತಿದ್ದಿದರು. ಚೀಟಿಯ ಕೊನೆಗೆ ಒಂದು ಸಾಲು ಸೇರಿಸಿದರು: ಬೆಳಿಗ್ಗೆ ಎಲ್ಲ ರಾಶಿಯನ್ನೂ ಕಣ್ಣಿಂದ ನೋಡುವುದು.

ಈಗಲೂ ಅವರು ನೋಡುತ್ತಿರುವುದು ಅದನ್ನೇ. ಸೀರೆ, ಸಾಲ, ಲಾಟರಿ, ಒಂದೊಂದಾಗಿ ಕೆಳಗಿಳಿಯುತ್ತಾರೆ. ಕೊನೆ ಮುಟ್ಟಿದ ಮೇಲೆ ಜಗದೀಶನಿಗೆ ಫೋನು ಮಾಡುತ್ತಾರೆ.

“ಎಂತದೂ ಇಲ್ಲ. ಹೋಗು. ದಿನಾ ಎಂತಕ್ಕೆ ನನ್ನ ಬಾಯಲ್ಲೇ ಕೇಳ್ಬೇಕು ನಿಂಗೆ?”

“ಮೆಸೇಜಿಗೆ ಬೈಯೂಕೆ ಬರುದಿಲ್ಲಲ್ಲ ಅಕ್ಕ.” ನಗುತ್ತಾನೆ. ಆಚೆ ಯಾರೋ ಏನೋ ಕೇಳಿದ್ದು ಕೇಳಿಸುತ್ತದೆ. “ವೀಣಾ ಕೇಳ್ತಾಳೆ, ಮಷಿನ್ ಹೇಳಿದ್ದಾ, ನೀವು ಹೇಳಿದ್ದಾ ಅಂತ.”

ಮಹಾಲಕ್ಷ್ಮೀ ಪರದೆಯನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ.

“ನಾ ಹೇಳಿದ್ದು ಅಂತ ಹೇಳು.”