ನಲ್ಲಿಯ ಗೋಡೆಗೆ ಅಂಟಿಸಿದ ಎಣಿಕೆ

ಕ್ಯಾನ್ಸರಿನಿಂದ ಗುಣವಾದವರು ವೈದ್ಯರನ್ನು ನೆನೆಯುತ್ತಾರೆ. ಕಿರಣ ಎಷ್ಟು ಹೊತ್ತು, ಎಷ್ಟು ಆಳಕ್ಕೆ ಬೀಳಬೇಕೆಂದು ಲೆಕ್ಕ ಹಾಕಿಕೊಟ್ಟ ಭೌತವಿಜ್ಞಾನಿಯ ಹೆಸರು ಅವರಿಗೆ ಗೊತ್ತಿರುವುದೇ ಇಲ್ಲ. ನಮ್ಮ ಆಸ್ಪತ್ರೆಯಲ್ಲಿ ಹದಿನೇಳು ವರ್ಷ ಆ ಕೆಲಸ ಮಾಡಿದ ಶ್ರೀ ಚನ್ನಮಲ್ಲಪ್ಪನವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರನ್ನು ಕುರಿತು ನಾಲ್ಕು ಒಳ್ಳೆಯ ಮಾತು ಬರೆಯಿರಿ ಎಂದು ಬೀಳ್ಕೊಡುಗೆ ಸಂಚಿಕೆಯ ಸಮಿತಿಯವರು ಕೇಳಿದ್ದಾರೆ. ಹೊಗಳಿಕೆ ನನಗೆ ಬರುವುದಿಲ್ಲ. ನಡೆದದ್ದನ್ನು ಬರೆದರೆ ಸಾಕಾಗುತ್ತದೆ.

ದಾವಣಗೆರೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ಬೊಂಬಾಯಿಯಲ್ಲಿ ಒಂದು ವರ್ಷ ತರಬೇತಿ ಪಡೆದು, ೧೯೬೨ರಲ್ಲಿ ಇಲ್ಲಿಗೆ ಕಿರಣ ಚಿಕಿತ್ಸೆಯ ಕೋಬಾಲ್ಟ್ ಯಂತ್ರ ಬಂದಾಗ ಅದರೊಂದಿಗೇ ಬಂದರು. ಪ್ರತಿ ರೋಗಿಯ ಲೆಕ್ಕವನ್ನೂ ಎರಡು ಸಲ, ಎರಡು ಬೇರೆ ಹಾಳೆಗಳಲ್ಲಿ, ಮೊದಲಿನದನ್ನು ನೋಡದೆ ಮಾಡುವುದು ಅವರ ಪದ್ಧತಿ. ಎರಡೂ ಹೊಂದದಿದ್ದರೆ ಎಂಥ ದೊಡ್ಡವರ ಕಡೆಯ ರೋಗಿಯಾದರೂ ಹೊರಗೆ ಕಾಯಬೇಕು. ೧೯೭೩ರಲ್ಲಿ ನಾನು ಅವರ ಕೈಕೆಳಗೆ ಸೇರಿದೆ. ನಾನು ಉಳಿದುಕೊಂಡಿದ್ದ ಹಾಸ್ಟೆಲ್ಲಿನ ಲೈಬ್ರರಿಗೆ ವಿಜ್ಞಾನದ ಪತ್ರಿಕೆಗಳು ಬರುವುದು ನಿಂತಾಗ, ತಾವು ತರಿಸುತ್ತಿದ್ದ ಪ್ರತಿಗಳನ್ನು ಓದಿ ಮುಗಿಸಿ ಪ್ರತಿ ಶನಿವಾರ ಅಲ್ಲಿಗೆ ಕಳುಹಿಸುತ್ತಿದ್ದರು. ನನ್ನ ತಪ್ಪು ಹುಟ್ಟಿದ್ದು ಅಂಥದೇ ಒಂದು ಪ್ರತಿಯಿಂದ.

ವಿದೇಶದ ಕೆಲವು ಕೇಂದ್ರಗಳಲ್ಲಿ ಪ್ರೋಟಾನ್‌ನಂಥ ಕಣಗಳ ಕಿರಣದಿಂದ ಗೆಡ್ಡೆಗೆ ಚಿಕಿತ್ಸೆ ಕೊಡುತ್ತಾರೆ. ಆ ಕಣಗಳು ದೇಹದೊಳಗಿನ ಇಂಗಾಲ, ಆಮ್ಲಜನಕಗಳ ಪರಮಾಣುಬೀಜಕ್ಕೆ ಬಡಿದಾಗ ಕೆಲವು ಪರಮಾಣುಗಳು ತಾವೇ ವಿಕಿರಣ ಸೂಸತೊಡಗುತ್ತವೆ. ಇದು ನಿಮಿಷಗಳಲ್ಲಿ ಅರ್ಧಕ್ಕಿಳಿದು, ಮೂರ್ನಾಲ್ಕು ಗಂಟೆಗಳಲ್ಲಿ ಇಲ್ಲವಾದಂತೆಯೇ. ಆ ಪ್ರತಿಯಲ್ಲಿ ಇದನ್ನು ಓದಿ, ೧೯೭೫ರಲ್ಲಿ ನಾನು ಒಂದು ವಾರಪತ್ರಿಕೆಗೆ ಬರೆದೆ. ನಮ್ಮ ಕೋಬಾಲ್ಟ್ ಕಿರಣಕ್ಕೆ ಆ ಶಕ್ತಿ ಇಲ್ಲವೆಂಬ ಒಂದು ವಾಕ್ಯವನ್ನು ಮಾತ್ರ ಬರೆಯಲಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ.

ರಾಜಾಜಿನಗರದ ಒಂದು ವಠಾರದಲ್ಲಿ ನರಸಮ್ಮ ಎಂಬಾಕೆ ಊದುಬತ್ತಿ ಹೊಸೆದು ಬದುಕುತ್ತಿದ್ದರು. ನಮ್ಮಲ್ಲೇ ಕೋಬಾಲ್ಟ್ ಚಿಕಿತ್ಸೆ ಮುಗಿಸಿದವರು. ವಠಾರದ ಮಾಲೀಕ ಕರಿಬಸಪ್ಪನವರು ನನ್ನ ಲೇಖನವನ್ನು ಜಗಲಿಯ ಮೇಲೆ ಕೂತು ಎಲ್ಲರಿಗೂ ಓದಿ ಹೇಳಿದರು. ಮರುದಿನದಿಂದ ಆಕೆ ನಲ್ಲಿ ಮುಟ್ಟುವಂತಿಲ್ಲ. ತಿಂಗಳೊಳಗೆ ಮನೆ ಖಾಲಿ ಮಾಡಬೇಕು. ಮನೆ ಹೋದರೆ ಹೊಸೆಯುವ ಜಾಗವೂ ಹೋಯಿತು. ಆಕೆ ಆಸ್ಪತ್ರೆಗೆ ಬಂದು ಹೇಳಿಕೊಂಡಾಗ ಚನ್ನಮಲ್ಲಪ್ಪನವರು ನನ್ನನ್ನು ಬೈಯಲಿಲ್ಲ. "ಭಾನುವಾರ ಬೆಳಿಗ್ಗೆ ಬಾ. ಗೈಗರ್ ಕೌಂಟರ್ ನೀನೇ ಹೊತ್ಕೋ" ಎಂದರು.

ವಠಾರದವರೆಲ್ಲ ಸೇರಿದ್ದರು. ವಿಕಿರಣವನ್ನು ಎಣಿಸುವ ಆ ಪೆಟ್ಟಿಗೆಯನ್ನು ನರಸಮ್ಮನ ಪಕ್ಕ ಹಿಡಿದಾಗ ಅದು ಟಿಕ್ ಟಿಕ್ ಎಂದಿತು. ಜನ ಹಿಂದೆ ಸರಿದರು.

"ನೋಡಿದ್ರಾ ಸಾರ್! ನಾನು ಹೇಳ್ಲಿಲ್ವಾ?" ಎಂದರು ಕರಿಬಸಪ್ಪ.

"ಹೇಳಿದ್ರಿ. ಈಗ ನೀವು ಬನ್ನಿ" ಎಂದರು ಚನ್ನಮಲ್ಲಪ್ಪನವರು.

ಗಡಿಯಾರ ನೋಡಿಕೊಂಡು ಇಬ್ಬರ ಬಳಿಯೂ ಒಂದೊಂದು ನಿಮಿಷ ಎಣಿಸಿದರು. ನರಸಮ್ಮನ ಬಳಿ ಇಪ್ಪತ್ತೆರಡು. ಕರಿಬಸಪ್ಪನವರ ಬಳಿ ಇಪ್ಪತ್ತನಾಲ್ಕು.

"ನನ್ ಮೈಲೂ ಐತಾ ಸಾರ್?" ಮಾಲೀಕರ ದನಿ ಇಳಿದಿತ್ತು.

"ಎಲ್ಲರ ಮೈಯಲ್ಲೂ ಚೂರು ಇರುತ್ತೆ. ಆಕಾಶದಿಂದ, ನೆಲದಿಂದ ಬರೋದೇ ಜಾಸ್ತಿ. ಎರಡು ಹೆಚ್ಚುಕಮ್ಮಿ ಅಂದ್ರೆ ಏನೂ ಅಲ್ಲ." ಅವರು ಪೆಟ್ಟಿಗೆಯನ್ನು ಕಲ್ಲಿನ ಹೊಸ್ತಿಲ ಮೇಲಿಟ್ಟರು. ನಲವತ್ತೊಂದು.

"ಹಂಗಾದ್ರೆ ಹೊಸ್ಲನ್ನೂ ಖಾಲಿ ಮಾಡ್ಸಿ ಓನರ್ರೇ" ಎಂದು ಹಿಂದಿನಿಂದ ಚಿಕ್ಕಗಂಗಮ್ಮ ಎಂಬ ಬಾಡಿಗೆದಾರಳು ಕೂಗಿದಳು. ಜನ ನಕ್ಕರು.

ಕರಿಬಸಪ್ಪ ಅಷ್ಟಕ್ಕೆ ಬಿಡಲಿಲ್ಲ. "ಯಾವ ಕಿರಣದಿಂದ್ಲೂ ಮೈಗೆ ವಿಕಿರಣ ಅಂಟಲ್ಲ ಅಂತ ಬರ್ಕೊಡಿ ಸಾರ್. ಈಯಮ್ಮ ಇಲ್ಲೇ ಇರ್ಲಿ."

ಒಂದು ಸಾಲು, ಒಂದು ಸಹಿ. ನಾನಾಗಿದ್ದರೆ ಕೊಟ್ಟುಬಿಡುತ್ತಿದ್ದೆ. ನರಸಮ್ಮ ಚನ್ನಮಲ್ಲಪ್ಪನವರ ಮುಖವನ್ನೇ ನೋಡುತ್ತಿದ್ದರು.

"ಅದನ್ನ ಬರೆಯಲ್ಲ. ಕಣಗಳ ಕಿರಣದಿಂದ ಸ್ವಲ್ಪ ಹೊತ್ತು ಬರುತ್ತೆ. ಈ ಹುಡುಗ ಬರೆದದ್ದು ಸುಳ್ಳಲ್ಲ, ಅರ್ಧ. ಈಯಮ್ಮನಿಗೆ ಕೊಟ್ಟದ್ದು ಕೋಬಾಲ್ಟ್, ಅದರಿಂದ ಬರಲ್ಲ. ಅಷ್ಟು ಬರೀತೀನಿ. ಇವತ್ತಿನ ಎಣಿಕೇನೂ ಬರೀತೀನಿ, ಹೆಸರು ಸಮೇತ."

"ನನ್ ಹೆಸರು ಯಾಕೆ ಸಾರ್? ತೆಗೀರಿ."

"ತೆಗೀತೀನಿ. ಆಗ ಆಕೆ ಹೆಸರೂ ತೆಗೀಬೇಕು, ಮನೆ ಖಾಲಿ ಮಾಡೋ ಮಾತೂ ತೆಗೀಬೇಕು."

ಕರಿಬಸಪ್ಪ ಹೊಸ್ತಿಲ ಮೇಲಿನ ಪೆಟ್ಟಿಗೆಯನ್ನೊಮ್ಮೆ, ಸೇರಿದ್ದ ಜನರನ್ನೊಮ್ಮೆ ನೋಡಿದರು. ಕೊನೆಗೆ, "ಇರ್ಲಿ ಬಿಡಿ, ಎರಡೂ ಇರ್ಲಿ. ಈಯಮ್ಮನೂ ಇರ್ಲಿ" ಎಂದರು. ಚೀಟಿಯನ್ನು ನಲ್ಲಿಯ ಪಕ್ಕದ ಗೋಡೆಗೆ ಅಂಟಿಸಿದೆವು. ನರಸಮ್ಮ ಎಲ್ಲರೆದುರು ಬಿಂದಿಗೆ ತಂದು ನೀರು ಹಿಡಿದರು.

ಬಿಟ್ಟುಹೋದ ವಾಕ್ಯವನ್ನು ಸೇರಿಸಿ ನಾನು ಎರಡನೆಯ ಲೇಖನ ಬರೆದೆ. ಅದರಲ್ಲಿ ಚನ್ನಮಲ್ಲಪ್ಪನವರನ್ನು ಹೊಗಳಿದ್ದ ಮೂರು ಸಾಲುಗಳನ್ನು ಅವರು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿ, ಉಳಿದದ್ದನ್ನು ತಾವೇ ಅಂಚೆಗೆ ಹಾಕಿದರು. ನೀವು ಓದುತ್ತಿರುವ ಈ ಲೇಖನವನ್ನು ಮಾತ್ರ ಅಚ್ಚಿಗೆ ಮೊದಲು ಅವರಿಗೆ ತೋರಿಸಿಲ್ಲ.

ಕಳೆದ ವಾರ ಆ ವಠಾರಕ್ಕೆ ಹೋಗಿದ್ದೆ. ನರಸಮ್ಮ ಅದೇ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದಾರೆ. ಚೀಟಿ ನೀರಿಗೆ ನೆನೆಯುತ್ತದೆಂದು ಕರಿಬಸಪ್ಪನವರೇ ಅದಕ್ಕೆ ಗಾಜು ಹಾಕಿಸಿದ್ದಾರೆ. "ಹೊಸ್ಲು ಬಿಟ್ರೆ ಈ ವಠಾರದಲ್ಲಿ ನಂದೇ ಜಾಸ್ತಿ" ಎಂದು ಬಂದವರಿಗೆಲ್ಲ ತೋರಿಸುತ್ತಾರಂತೆ.

ಚನ್ನಮಲ್ಲಪ್ಪನವರು ಈಗ ವಿಕಿರಣದ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದಾರೆ. ಅದನ್ನು ಎರಡು ಸಲ, ಎರಡು ಬೇರೆ ಹಾಳೆಗಳಲ್ಲಿ ಬರೆಯುವಷ್ಟು ಆಯುಸ್ಸು, ಆರೋಗ್ಯ ಅವರಿಗಿರಲಿ. ಎರಡೂ ಹೊಂದದಿದ್ದರೆ ನಾವು ಹೊರಗೆ ಕಾಯುತ್ತೇವೆ.