ಗುತ್ಯಮ್ಮ ಸಾರಿಸದೆ ಬಿಟ್ಟ ಮೂಲೆ

ಗುತ್ಯಮ್ಮನಿಗೆ ಜಂಭಪಡಲು ಬಂಗಾರವಿರಲಿಲ್ಲ, ಮಕ್ಕಳಿರಲಿಲ್ಲ, ಸಾರಿಸಿದ ನೆಲವಿತ್ತು. ಚಂದ್ರಗುತ್ತಿಯಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದ ಮಾರನೆಯ ದಿನ ಸಗಣಿ ಬುಟ್ಟಿ ಹಿಡಿದವಳು ಇಪ್ಪತ್ತೆಂಟು ವರ್ಷ ಅದನ್ನು ಕೆಳಗಿಟ್ಟಿರಲಿಲ್ಲ. ಅವಳ ಮನೆಯ ನೆಲದ ಮೇಲೆ ಅನ್ನ ಸುರಿದುಕೊಂಡು ಉಣ್ಣಬಹುದು ಎಂದು ಕೇರಿಯವರು ಹೇಳುತ್ತಿದ್ದರು. ಹಾಗೆ ಯಾರೂ ಉಂಡದ್ದಿಲ್ಲ, ಮಾತು ಮಾತ್ರ ಊರೆಲ್ಲ ಓಡಾಡಿತ್ತು.

ಐವತ್ತೆಂಟನೇ ಇಸವಿಯ ಆಷಾಢದಲ್ಲಿ ಪಕ್ಕದ ಮನೆಯ ಕುಬ್ರಾ ಬೀ ಎರಡು ಬಿಳಿ ಮೊಲಗಳನ್ನು ಎತ್ತಿಕೊಂಡು ಬಂದಳು. ಕೌದಿ ಹೊಲೆದು ಬದುಕುವ ಹೆಂಗಸು, ಕಣ್ಣಿಗೆ ಪೊರೆ ಬಂದಿತ್ತು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿಸಿಕೊಂಡು, ಸೊರಬದ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬರಬೇಕಿತ್ತು.

"ಗುತ್ಯಕ್ಕಾ, ಒಳಗೇ ಇಟ್ಕೋರಿ. ಹೊರಗೆ ನಾಯಿ ಬಿಡಂಗಿಲ್ಲ."

"ನೀ ನಿಶ್ಚಿಂತೆಯಿಂದ ಹೋಗಿ ಬಾ ಬೂಬಮ್ಮ. ನೀ ಬರೋತನಕ ಇವು ನನ್ನ ಮಡಿಲಾಗೇ ಇರ್ತಾವೆ."

ಮೊಲ ಬಲು ಸಾಧು ಪ್ರಾಣಿ. ಅದರ ಉಚ್ಚೆಯ ವಿಷಯ ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ನಾಲ್ಕನೇ ದಿನಕ್ಕೆ ಗುತ್ಯಮ್ಮನ ಗಂಡ ಪುಟ್ಟಪ್ಪ ಮೂಗು ಮುಚ್ಚಿಕೊಂಡೇ ರೊಟ್ಟಿ ತಿಂದ.

"ಇದೇನು ಮನೆಯೋ, ಕೊಟ್ಟಿಗೆಯೋ? ಎಂಟು ದಿನ ಕೊಡ್ತೀನಿ ನೋಡೇ. ವಾಸನೆ ಹೋಗ್ಲಿಲ್ಲ ಅಂದ್ರೆ ಎರಡನ್ನೂ ಸಂತೆಗೆ ಒಯ್ತೀನಿ."

ಸಂತೆಯಲ್ಲಿ ಮೊಲ ಕೊಳ್ಳುವವರು ಸಾಕಲು ಕೊಳ್ಳುವುದಿಲ್ಲ. ಗುತ್ಯಮ್ಮನಿಗೆ ಗೊತ್ತಿದ್ದ ಮದ್ದು ಒಂದೇ: ಸಾರಿಸುವುದು. ಎರಡು ಹೊತ್ತು ಸಾರಿಸಿದಳು, ಮೂರು ಹೊತ್ತು ಸಾರಿಸಿದಳು. ವಾಸನೆ ಬೀದಿಯವರೆಗೂ ಹೋಯಿತು. ಲೋಬಾನ ಹಾಕಿದಳು. ಮೊಲಗಳು ಸೀನಿದವು, ಪುಟ್ಟಪ್ಪ ಸೀನಿದ, ವಾಸನೆ ಕದಲಲಿಲ್ಲ.

ಗಡುವಿನ ಐದನೇ ದಿನ ಅವಳಿಗೆ ಚಳಿಜ್ವರ ಬಂತು. ಎರಡು ದಿನ ಎದ್ದು ಸಾರಿಸಲು ಆಗಲಿಲ್ಲ. ಎರಡನೇ ದಿನ ಮಲಗಿದ್ದಲ್ಲೇ ಮೂಗರಳಿಸಿದಳು. ನಾತ ಅರ್ಧಕ್ಕರ್ಧ ಇಳಿದಿತ್ತು. ತೆವಳಿಕೊಂಡು ಹೋಗಿ ನೋಡಿದಳು. ಮೊಲಗಳು ಮನೆ ತುಂಬ ಓಡಾಡಿದರೂ ಗಲೀಜು ಮಾಡಿದ್ದು ಒಂದೇ ಮೂಲೆಯಲ್ಲಿ. ಹೊಸದಾಗಿ ಉಚ್ಚೆ ಬಿದ್ದಷ್ಟು ಬಿಟ್ಟರೆ ಆ ಮಣ್ಣು ಒಣಗಿತ್ತು. ಅವಳು ನೀರು ಸಗಣಿ ಬಳಿದಾಗಲೆಲ್ಲ ಇಂಗಿದ್ದ ಉಚ್ಚೆ ಮತ್ತೆ ಎದ್ದು ಬರುತ್ತಿತ್ತು.

"ಅಯ್ಯೋ ಶಿವನೇ, ನಾರಿಸ್ತಿದ್ದೋಳು ನಾನೇ!"

ಮೂಲೆಯ ಮಣ್ಣು ಕೆರೆದು ತೆಗೆದು, ಒಲೆಯ ಬೂದಿ ಹರಡಿದಳು. ಪುಟ್ಟಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. "ನನ್ನ ಕೈಲೇ ಮೊಲಕ್ಕೆ ಹಾಸಿಗೆ ಹೊರಿಸ್ತೀಯಲ್ಲೇ" ಎಂದು ಗೊಣಗುತ್ತ ಒಂದು ಚೀಲ ಭತ್ತದ ಹೊಟ್ಟು ತಂದು ಹಾಕಿದ. ದಿನಾ ಹಳೆಯದನ್ನು ಗೋರಿ ಹಿತ್ತಿಲಿಗೆ ಚೆಲ್ಲಿ, ಹೊಸದು ಹಾಸುವುದು. ಒಂದು ಹನಿ ನೀರೂ ಸೋಕಿಸುವಂತಿಲ್ಲ. ಎಂಟನೇ ದಿನ ಪುಟ್ಟಪ್ಪ ಮೂಗು ಬಿಟ್ಟುಕೊಂಡೇ ಉಂಡೆದ್ದು ಹೋದ. ಸಂತೆಯ ಮಾತೆತ್ತಲಿಲ್ಲ.

ಆದರೆ ಗೌರಿಹಬ್ಬ ಬಂತು. ಅರಿಸಿನ ಕುಂಕುಮಕ್ಕೆ ಕೇರಿಯ ಹೆಂಗಸರೆಲ್ಲ ಬಂದು ಕೂತರು. ಪುಟ್ಟಪ್ಪನ ಅಕ್ಕ ಶೇಷಮ್ಮನ ಕಣ್ಣು ನೇರ ಮೂಲೆಗೇ ಹೋಯಿತು.

"ಇದೇನೇ ಗುತ್ಯಮ್ಮ, ಹಬ್ಬದ ದಿನಾನೂ ಮೂಲೆ ಸಾರಿಸಿಲ್ಲ? ಮೇಲೆ ಬೂದಿ ಗುಡ್ಡೆ ಬೇರೆ! ಕೈಲಾಗಲ್ವಾ?"

ಹೆಂಗಸರೆಲ್ಲ ತಿರುಗಿ ನೋಡಿದರು. ಗುತ್ಯಮ್ಮನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒಂದು ಹಿಡಿ ಸಗಣಿ ಬಳಿದರೆ ಮರ್ಯಾದೆ ಉಳಿಯುತ್ತಿತ್ತು. ನಾತ ಮತ್ತೆ ಏಳುತ್ತಿತ್ತು, ಮೊಲ ಸಂತೆ ಸೇರುತ್ತಿದ್ದವು. ಹಬ್ಬದ ದಿನ ಗೌರಿಯ ಮುಂದೆ ಮೊಲದ ಉಚ್ಚೆಯ ಕಥೆ ಬಿಡಿಸಿ ಹೇಳುತ್ತ ಕೂರಲು ಅವಳಿಗೆ ಬಾಯಿ ಬರಲಿಲ್ಲ.

"ಹೌದಕ್ಕ," ಎಂದಳು, "ಕೈಲಾಗಲ್ಲ."

ಆಮೇಲೆ ಅವಳ ನೆಲದ ಮೇಲೆ ಉಣ್ಣಬಹುದು ಎಂಬ ಮಾತನ್ನು ಕೇರಿಯಲ್ಲಿ ಯಾರೂ ಎತ್ತಲಿಲ್ಲ.

ದಸರೆ ಕಳೆದ ಮೇಲೆ ಕುಬ್ರಾ ಬೀ ದಪ್ಪ ಕನ್ನಡಕ ಹಾಕಿಕೊಂಡು ಬಂದಳು. ಮೊಲಗಳು ಅವಳ ಕಾಲಿಗೆ ಬಂದು ಸುತ್ತಿಕೊಂಡವು. ಅವಳು ಮಾತ್ರ ಮೂಲೆಯನ್ನೇ ನೋಡುತ್ತ ನಿಂತಳು.

"ಗುತ್ಯಕ್ಕಾ… ನಿಮ್ಮ ನೆಲ! ಹಬ್ಬಕ್ಕೂ ಹಿಂಗೇ ಬಿಟ್ರೇನ್ರೀ?"

"ಮತ್ತೆ? ನೀರು ಸೋಕಿದ್ರೆ ನಾತ ಏಳ್ತದೆ, ನಾತ ಎದ್ರೆ ಇವು ಸಂತೆಗೆ. ನಿನಗೆ ಮಾತು ಕೊಟ್ಟಿರಲಿಲ್ವಾ?"

ಕುಬ್ರಾ ಬೀ ಆ ಮೂಲೆಯ ಪಕ್ಕದಲ್ಲೇ ಕೂತಳು. ಕನ್ನಡಕದೊಳಗೆ ನೀರು ತುಂಬಿತು.

"ಏಯ್, ಅಳಬೇಡ! ಆಪರೇಷನ್ ಆದ ಕಣ್ಣು, ಡಾಕ್ಟರು ಬೈತಾರೆ!" ಎಂದು ಗುತ್ಯಮ್ಮ ಗದರಿದಳು. ಅವಳ ಸ್ವಂತ ಕಣ್ಣಿಗೆ ಯಾವ ಆಪರೇಷನ್ನೂ ಆಗಿರಲಿಲ್ಲ. ಆದ್ದರಿಂದ ಇಬ್ಬರ ಪಾಲಿನದನ್ನೂ ಅವಳೇ ಅತ್ತಳು.